ನಾಲ್ಕು ಗಂಟೆಗೆ ಮುಂಚಿನ ಅಪ್ಪುಗೆ

ಜುಲೈ ತಿಂಗಳ ಕೊನೆಯ ದಿನ ರಿವರ್‌ಮೆನ್ ಬೇಸ್‌ಬಾಲ್ ತಂಡದ ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಆಟಗಾರರ ಅದಲುಬದಲು ಮುಗಿಯುತ್ತದೆ. ಅಲ್ಲಿಯವರೆಗೆ ಯಾರನ್ನು ಬೇಕಾದರೂ ಯಾವ ಊರಿಗೆ ಬೇಕಾದರೂ ಸಾಗಹಾಕಬಹುದು. ಮೂಲೆಯ ಟಿವಿಯಲ್ಲಿ ಹೋದವರ, ಹೋಗಬಹುದಾದವರ ಹೆಸರುಗಳು ಸಾಲಾಗಿ ಓಡುತ್ತಿದ್ದವು. ನೋಡುವುದೇ ಇಲ್ಲ ಎಂದು ಶಪಥ ಮಾಡಿದವರೇ ಹೆಚ್ಚು ನೋಡುತ್ತಿದ್ದರು. ಮೂರನೇ ಬೇಸ್ ಕಾಯುತ್ತಿದ್ದವನು ನಿನ್ನೆಯೇ ಹೋಗಿಯಾಗಿತ್ತು; ಅವಸರಕ್ಕೆ ಅವನ ಕಪಾಟಿನಲ್ಲಿ ಒಂಟಿ ಚಪ್ಪಲಿಯೊಂದು ಉಳಿದುಕೊಂಡಿತ್ತು.

ತಂಡ ಪಟ್ಟಿಯ ತಳ ಸೇರಿತ್ತು. ಹಾಗಾದಾಗ ಇದ್ದ ಒಳ್ಳೆಯವರನ್ನು ಗೆಲ್ಲುವ ತಂಡಕ್ಕೆ ಕೊಟ್ಟು ಮೀಸೆ ಮೂಡದ ಹುಡುಗರನ್ನು ತಂದುಕೊಳ್ಳುವುದು ಈ ಆಟದ ರೂಢಿ. ಕೊಡಲು ಉಳಿದಿದ್ದ ಒಳ್ಳೆಯ ಸರಕು ಒಂದೇ, ಚೆಂಡೆಸೆಯುವ ಪಿಚರ್ ಟೋಬಿ ಹಾರ್ಲನ್. ಪಶ್ಚಿಮ ಕರಾವಳಿಯ ತಂಡವೊಂದು ಅವನ ಮೇಲೆ ಕಣ್ಣಿಟ್ಟಿದೆ ಎಂದು ಟಿವಿಯವರು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದರು. ಆ ತಂಡ ಅಕ್ಟೋಬರ್‌ನ ಅಂತಿಮ ಪಂದ್ಯಗಳಲ್ಲಿ ಆಡುವುದು ಖಚಿತ. ಗೆದ್ದವರಿಗೆ ಮಾತ್ರ ಸಿಗುವ ತಿಂಗಳು ಅದು. ಟೋಬಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ವೆಂಡೆಲ್ ಕ್ರೌಚ್ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಟೋಬಿ ಎಸೆದದ್ದನ್ನು ಹಿಡಿಯುವ ಕ್ಯಾಚರ್ ಅವನೇ. ಕುಕ್ಕರುಗಾಲಲ್ಲಿ ಕುಳಿತು, ಬ್ಯಾಟ್ ಹಿಡಿದವನಿಗೆ ಕಾಣದಂತೆ ತೊಡೆಗಳ ನಡುವೆ ಬೆರಳು ತೋರಿಸಿ, ಮುಂದಿನ ಚೆಂಡು ಯಾವುದೆಂದು ಹೇಳುವುದು ಅವನ ಕೆಲಸ. ಒಂದು ಬೆರಳಾದರೆ ನೇರ ಚೆಂಡು, ಎರಡಾದರೆ ಮೊಣಕೈ ಹಿಂಡುವ ತಿರುವಿನ ಚೆಂಡು. ಅವನನ್ನು ಕೊಳ್ಳಲು ಯಾರೂ ಬಂದಿರಲಿಲ್ಲ. ಆ ವಯಸ್ಸು ದಾಟಿ ಬಹಳ ದಿನವಾಗಿತ್ತು.

“ಅಜ್ಜ, ಇವತ್ತು ಎರಡು ಬೆರಳು ಧಾರಾಳವಾಗಿ ತೋರ್ಸು,” ಎಂದ ಟೋಬಿ, ಪಕ್ಕದ ಕಪಾಟಿಗೆ ಒರಗಿಕೊಂಡು. “ಅವರು ಬಂದಿರೋದೇ ಅದನ್ನ ನೋಡೋಕೆ.”

“ಮೊಣಕೈ ಏನನ್ನುತ್ತೆ?”

“ಏನೂ ಅನ್ನಲ್ಲ, ಪಾಪ. ಮೂಗ ಅದು.”

“ಹೋದ ಆಟ ಆದ್ಮೇಲೆ ಐಸ್ ಬಕೆಟ್‌ನಿಂದ ಕೈ ತೆಗೀದೆ ಕೂತಿದ್ದೆ. ನಾನೇನು ಕುರುಡನಾ?”

“ಕುರುಡ ಅಲ್ಲ ಮಾರಾಯ. ಬಾಯಿಬಡುಕ ಆಗ್ಬೇಡ, ಅಷ್ಟೇ.” ನಗುತ್ತಲೇ ಹೇಳಿದ, ಆದರೆ ದನಿ ಇಳಿದಿತ್ತು. “ಇದೊಂದು ದಿನ ದಾಟಿಸ್ಬಿಡು.”

ವೆಂಡೆಲ್ ಹೂಂ ಎಂದ. ಹಿಂದೊಮ್ಮೆ ಬೇರೆ ತಂಡದಲ್ಲಿ ಹೀಗೇ ಒಬ್ಬನಿಗೆ ಹೂಂ ಎಂದಿದ್ದ. ಆ ಹುಡುಗನ ಮೊಣಕೈಯ ಸ್ನಾಯು ಹರಿದ ಸದ್ದು ಅರವತ್ತಡಿ ಆಚೆ ಕುಳಿತಿದ್ದ ಇವನಿಗೂ ಕೇಳಿತ್ತು. ಅವನೀಗ ಕಾನ್ಸಾಸ್‌ನಲ್ಲೆಲ್ಲೋ ಟೈರ್ ಮಾರುತ್ತಾನೆ.

ಆಟ ಮಧ್ಯಾಹ್ನ ಶುರುವಾಯಿತು. ಆಟಗಾರರನ್ನು ಅಳೆದು ನೋಡಲು ಬಂದ ಬೇರೆ ತಂಡಗಳ ಸ್ಕೌಟ್‌ಗಳು ವೆಂಡೆಲ್‌ನ ಬೆನ್ನ ಹಿಂದಿನ ಸಾಲಿನಲ್ಲೇ ಹುಲ್ಲಿನ ಟೋಪಿ ಹಾಕಿಕೊಂಡು, ಚೆಂಡಿನ ವೇಗ ಅಳೆಯುವ ಯಂತ್ರ ಹಿಡಿದು ಕುಳಿತಿದ್ದರು. ಎತ್ತು ಕೊಳ್ಳುವ ಮುಂಚೆ ಹಲ್ಲು ನೋಡುವವರ ಗಾಂಭೀರ್ಯ ಅವರದು. ಅವರ ಮೇಲಿನ ಸಾಲಿನಿಂದ ಒಬ್ಬ ಕುಡುಕ, “ಕ್ರೌಚ್, ಕೂತ್ರೆ ಏಳೋಕೆ ಕ್ರೇನ್ ತರಿಸ್ಬೇಕೇನಪ್ಪಾ?” ಎಂದು ಪ್ರತಿ ಇನಿಂಗ್ಸಿಗೂ ತಪ್ಪದೆ ಕೇಳುತ್ತಿದ್ದ.

ವೆಂಡೆಲ್ ಒಂದು ಬೆರಳು ತೋರಿಸಿದ. ಟೋಬಿ ತಲೆ ಅಲ್ಲಾಡಿಸಿದ. ಮತ್ತೆ ಒಂದೇ ಬೆರಳು, ಮತ್ತೆ ಅದೇ ತಲೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗಾಯಿತು. ಬೆರಳು ಯಾರದೇ ಆದರೂ ಚೆಂಡು ಅವನ ಕೈಯಲ್ಲಿತ್ತು. ಕೊನೆಗೆ ಎರಡು ಬೆರಳು ತೋರಿಸಲೇಬೇಕಾಯಿತು. ತಿರುವಿನ ಚೆಂಡು ಮೇಜಿನಂಚಿನಿಂದ ಉರುಳಿ ಬಿದ್ದಂತೆ ಬೀಳುತ್ತಿತ್ತು. ಎದುರಾಳಿಗಳು ಗಾಳಿಗೆ ಬ್ಯಾಟ್ ಬೀಸಿ ಬೀಸಿ ಹೋದರು. ಅಷ್ಟು ಚೆನ್ನಾಗಿ ಅವನು ಎಂದೂ ಎಸೆದಿರಲಿಲ್ಲ, ಮತ್ತು ಪ್ರತಿ ಎಸೆತಕ್ಕೂ ವೆಂಡೆಲ್‌ನ ಕಣ್ಣು ಆ ಮೊಣಕೈ ಮೇಲೇ ಇತ್ತು.

ಆರನೇ ಇನಿಂಗ್ಸಿನಲ್ಲಿ ಟೋಬಿಯ ಎರಡು ಚೆಂಡು ವೆಂಡೆಲ್‌ನನ್ನು ಮುಟ್ಟುವ ಮೊದಲೇ ಮಣ್ಣಿಗೆ ಬಿದ್ದವು. ಮೈದಾನದಂಚಿನಲ್ಲಿ ತಂಡ ಕೂರುವ ಡಗೌಟಿಗೆ ಬಂದು ಬೆಂಚಿನ ಮೇಲೆ ಕುಳಿತ ಟೋಬಿ ಸೂರ್ಯಕಾಂತಿ ಬೀಜದ ಪೊಟ್ಟಣಕ್ಕೆ ಬಲಗೈ ಹಾಕಿದ. ಬೀಜವೆಲ್ಲ ನೆಲಕ್ಕೆ ಸುರಿಯಿತು. ಅವನು ಬೆರಳುಗಳನ್ನೇ ನೋಡುತ್ತ, “ಇದಾವೋ ಇಲ್ವೋ ಗೊತ್ತಾಗ್ತಿಲ್ಲ ಅಜ್ಜ,” ಎಂದ. ಆಮೇಲೆ ಸುತ್ತ ನೋಡಿ, ಹೇಳಬಾರದ್ದು ಹೇಳಿದೆನೆಂಬಂತೆ ನಕ್ಕ.

ಹೇಳಿದರೆ ಅವನ ಅಕ್ಟೋಬರ್ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ವೆಂಡೆಲ್ ಎದ್ದು ಡಗೌಟಿನ ಆಚೆ ತುದಿಯಲ್ಲಿ ನಿಂತಿದ್ದ ಮ್ಯಾನೇಜರ್ ಲೂಥರ್ ಮ್ಯಾಬ್ರಿಯ ಬಳಿ ಹೋದ. ಎಲ್ಲರೂ ಅವರನ್ನು ಸ್ಕಿಪ್ ಎನ್ನುತ್ತಿದ್ದರು.

“ಸ್ಕಿಪ್, ಅವನ್ನ ತೆಗೀರಿ.”

“ಒಂದೂ ರನ್ ಕೊಟ್ಟಿಲ್ಲ. ಯಾಕೆ ತೆಗೀಲಿ?”

“ಕೈ ಹೋಗಿದೆ. ಇನ್ನೊಂದು ತಿರುವಿಗೆ ಹರಿಯುತ್ತೆ.”

ಸ್ಕಿಪ್ ಸ್ಕೋರ್ ಬೋರ್ಡಿನ ಮೇಲಿನ ಗಡಿಯಾರ ನೋಡಿದರು. “ಇದನ್ನ ನಾಲ್ಕು ಗಂಟೆ ಆದ್ಮೇಲೆ ಹೇಳ್ಬಾರ್ದಿತ್ತೇನೋ?”

“ಅಷ್ಟೊತ್ತು ತಡಿಯಲ್ಲ ಅದು.”

ಸ್ಕಿಪ್ ಒಳ್ಳೆಯ ಮನುಷ್ಯ. ಟೋಬಿಯ ಬಳಿ ಹೋಗಿ, “ಇವತ್ತಿಗೆ ಸಾಕು ಮಗನೇ,” ಎಂದಷ್ಟೇ ಹೇಳಿ ಕೈಕುಲುಕಿದರು. ಕಾರಣ ಹೇಳಲು ಅವರಿಗೆ ನಾಲಿಗೆ ಏಳಲಿಲ್ಲ.

ಎಲ್ಲ ಕೆಟ್ಟದ್ದು ಅಲ್ಲೇ. ಅದಲುಬದಲಿನ ಕೊನೆಯ ದಿನ ಚೆನ್ನಾಗಿ ಆಡುತ್ತಿರುವವನನ್ನು ನಡುವೆ ಕರೆದು ಕೂರಿಸಿದರೆ ಈ ಆಟದವರಿಗೆ ಅರ್ಥ ಒಂದೇ: ವ್ಯಾಪಾರ ಕುದುರಿದೆ, ಮಾರಿದ ಸರಕಿಗೆ ಪೆಟ್ಟಾಗಬಾರದು. ಮೊದಲು ಎದ್ದವನು ಒಂದನೇ ಬೇಸ್ ಕಾಯುವ ರೋಲಂಡ್ ಪೈಕ್. ಬಂದು ಟೋಬಿಯನ್ನು ಗಟ್ಟಿಯಾಗಿ ತಬ್ಬಿಕೊಂಡ. ಅವನ ಹಿಂದೆ ಎಲ್ಲರೂ ಸಾಲುಗಟ್ಟಿದರು. ಕ್ಯಾಮೆರಾ ಅತ್ತ ತಿರುಗಿತು, ಜನ ಎದ್ದು ಚಪ್ಪಾಳೆ ತಟ್ಟಿದರು, ಕುಡುಕನೂ ಟೋಪಿ ತೆಗೆದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಯಿತು.

“ನನ್ನ ಕಾರು ನಿಲ್ಲಿಸೋ ಜಾಗ ನಿಂಗೇ ಪೈಕ್,” ಎನ್ನುತ್ತಿದ್ದ ಟೋಬಿ, ಕಣ್ಣೊರೆಸಿಕೊಳ್ಳುತ್ತ. “ಇಡೀ ದಿನ ಗೋಡೆ ನೆರಳಿರುತ್ತೆ.”

ಸ್ಕಿಪ್ ಮೈದಾನದ ಕಡೆ ಮುಖ ಮಾಡಿ ನಿಂತುಬಿಟ್ಟರು. ವೆಂಡೆಲ್ ಸಾಲಿನ ಕೊನೆಯಲ್ಲಿದ್ದ. ನಿಜ ಹೇಳಿಬಿಡಬಹುದಿತ್ತು, ಮೂರು ಮಾತು ಸಾಕಿತ್ತು. ಅಷ್ಟರಲ್ಲಿ ಟೋಬಿಯೇ ಬಂದು ಎಡಗೈಯಲ್ಲಿ ಅವನ ಕುತ್ತಿಗೆ ಬಳಸಿದ. ಕೆನ್ನೆ ಒದ್ದೆಯಾಗಿತ್ತು.

“ದಾಟಿಸ್ಬಿಟ್ಯಲ್ಲೋ ಅಜ್ಜ,” ಎಂದ ಕಿವಿಯಲ್ಲಿ.

ವೆಂಡೆಲ್ ಅವನ ಬೆನ್ನು ತಟ್ಟಿದ. “ಹೋಗಿ ಬಾ,” ಎಂದ.

ಅಪ್ಪುಗೆ ಕಂಡದ್ದೇ ಸ್ಕೌಟ್‌ಗಳು ಯಂತ್ರ ಮಡಿಚಿ ಹೊರಟರು. ಒಬ್ಬ ಮಾತ್ರ ಏಳಲಿಲ್ಲ. ಅವನು ಪಶ್ಚಿಮ ಕರಾವಳಿಯವನು. ತನ್ನ ತಂಡ ಇನ್ನೂ ಒಪ್ಪಿಗೆ ಕೊಟ್ಟಿಲ್ಲವೆಂದು ಆ ಸಾಲಿನಲ್ಲಿ ಬಲ್ಲವನು ಅವನೊಬ್ಬನೇ. ವೆಂಡೆಲ್ ಮತ್ತೆ ಹೋಗಿ ಕುಕ್ಕರಿಸುವಾಗ ಅವನು ಫೋನಿನಲ್ಲಿ ಹೇಳುತ್ತಿದ್ದುದು ಬೆನ್ನ ಹಿಂದೆಯೇ ಕೇಳಿಸಿತು. “ನಾವಂತೂ ಕೊಂಡಿಲ್ಲ. ಮತ್ಯಾಕೆ ಕೂರಿಸಿದ್ರು? ಕೈ ವಿಷಯ ಕೇಳಿ ನೋಡಿ.” ತುಸು ಹೊತ್ತಿಗೆ ಸ್ಕಿಪ್‌ಗೆ ಒಳಗಿನ ಕಚೇರಿಯಿಂದ ಕರೆ ಬಂತು. ಸುಳ್ಳು ಹೇಳಲು ಬಾರದ ಮನುಷ್ಯ, ಹೋಗಿ ಇದ್ದದ್ದು ಹೇಳಿ ಬಂದು ಮೊದಲಿನ ಜಾಗದಲ್ಲೇ ನಿಂತರು.

ರಿವರ್‌ಮೆನ್ ಎಂದಿನಂತೆ ಸೋತರು. ವೆಂಡೆಲ್ ಒಳಗೆ ಬಂದಾಗ ಟೋಬಿ ಸೂಟು ತೊಟ್ಟು, ಕಟ್ಟಿದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಟಿವಿ ನೋಡುತ್ತಿದ್ದ. ನಾಲ್ಕು ದಾಟಿತ್ತು. ಹಾರ್ಲನ್ ವ್ಯಾಪಾರ ಮುರಿದುಬಿತ್ತು, ಮೊಣಕೈ ಮೇಲೆ ಅನುಮಾನ ಎಂಬ ಸಾಲು ಹೋಗಿ ಹೋಗಿ ಮತ್ತೆ ಬರುತ್ತಿತ್ತು. ತಬ್ಬಿದವರೆಲ್ಲ ಸ್ನಾನಕ್ಕೆ ಹೋಗಿ ಹೊರಗೆ ಬರಲೊಲ್ಲದೆ ನೀರು ಬಿಟ್ಟುಕೊಂಡು ನಿಂತಿದ್ದರು.

“ಸ್ಕಿಪ್‌ಗೆ ಯಾರೋ ಹೇಳಿದಾರೆ,” ಎಂದ ಟೋಬಿ.

“ನಾನೇ.”

ಟೋಬಿ ತಲೆಯಾಡಿಸಿದ. ಬಲಗೈ ಬೆರಳಿನಿಂದ ಟೈ ಗಂಟು ಸಡಿಲಿಸಲು ನೋಡಿ, ಆಗದೆ ಬಿಟ್ಟ. “ಇರ್ಲಿ. ಹರಿದೇ ಹೋಗ್ತಿತ್ತೇನೋ. ಆದ್ರೆ ಆಮೇಲೆ ಸಾಲಲ್ಲಿ ನಿಂತಿದ್ದೆಯಲ್ಲ, ಆಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಅವರೆಲ್ಲ ಗೊತ್ತಿಲ್ದೆ ತಬ್ಬಿದ್ರು. ನೀನೊಬ್ಬ ಗೊತ್ತಿದ್ದೂ ತಬ್ಬಿದೆ.”

ವೆಂಡೆಲ್ ಚೀಲ ಎತ್ತಿಕೊಡಲು ಬಗ್ಗಿದ. ಟೋಬಿ ಅದರ ಮೇಲೆ ಎಡಗೈ ಇಟ್ಟ.

“ಬಿಡು. ನಾನೆಲ್ಲೂ ಹೋಗ್ತಿಲ್ವಲ್ಲ.”

ಚೀಲ ಬಿಚ್ಚಿ, ಒಂದೊಂದೇ ಅಂಗಿಯನ್ನು ಎಡಗೈಯಲ್ಲಿ ತೆಗೆದು ಮತ್ತೆ ಕಪಾಟಿನಲ್ಲಿ ನೇತುಹಾಕತೊಡಗಿದ. ಪಕ್ಕದ ಕಪಾಟು ವೆಂಡೆಲ್‌ನದು. ಆಟದ ಋತು ಮುಗಿಯಲು ಇನ್ನೂ ಎರಡು ತಿಂಗಳಿತ್ತು.