ತೊಳೆಯದ ಲೋಟ

"ಲೇ ಪಟಾಲಿ, ಅಂಗಲ್ಲ ಕಣೆ, ಬಗ್ಗು! ಆವಾಗ ಹೆಂಗೆ ಬಗ್ತಿದ್ದೆ? ಈಗೇನ್ ಸೊಂಟ ಸೆಟ್ಕಂಡೈತಾ ಬಿಕನಾಸಿ ಮುಂಡೆ?"

ಬೈದವರು ರೇಣುಕಯ್ಯನವರು. ಬೈದು ತಾವೇ ನಕ್ಕರು. ಬೈಸಿಕೊಂಡವಳು ನನ್ನ ಅವ್ವ ಪಟಾಲಿ. ಅವಳ ಬೊಗಸೆಯಲ್ಲಿ ಒಂದು ತೆಂಗಿನ ಚಿಪ್ಪು, ಅದಕ್ಕೆ ಮೇಲಿನಿಂದ ನೀರು ಹುಯ್ಯಲು ಅವರ ಕೈಯಲ್ಲೊಂದು ಚೊಂಬು. ಎದುರಿಗೆ ಕ್ಯಾಮೆರಾ.

ಮಿಡಿಗೇಶಿ ಬೆಟ್ಟದ ಬುಡದಲ್ಲಿರುವ ರೇಣುಕಯ್ಯನವರ ಹಳೇ ಮನೆ ಈಗ ಮ್ಯೂಸಿಯಂ. ಮನೆ ಕೊಟ್ಟವರು ಅವರಾದ್ದರಿಂದ ಬಾಗಿಲ ಮೇಲೆ ಅವರಪ್ಪನ ಹೆಸರಿದೆ. ನಾನು ಅಲ್ಲಿ ಕಸ ಗುಡಿಸುತ್ತೇನೆ. ಅವ್ವ ತನ್ನ ಹರೆಯವನ್ನೆಲ್ಲ ಇದೇ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಕಳೆದವಳು. ಅಂದಮೇಲೆ ನಮ್ಮದೂ ವಂಶಪಾರಂಪರ್ಯವೇ ಅನ್ನಿ.

ಅವ್ವನನ್ನು ಈ ಕ್ಯಾಮೆರಾ ಮುಂದೆ ತಂದು ನಿಲ್ಲಿಸಿದವಳು ನಾನೇ. ಮ್ಯೂಸಿಯಂ ನೋಡಿಕೊಳ್ಳುವ ಲೋಹಿತಾ ಮೇಡಂ ನಮ್ಮ ಕಾಲೊನಿಗೆ ಬಂದು ಹೊಸಿಲ ಮೇಲೆ ಕೂತು ಹೇಳಿದ್ದರು: "ಮ್ಯೂಸಿಯಂ ಅಂದ್ರೆ ಇನ್ಮೇಲೆ ಪಾಳೇಗಾರರ ಕತ್ತಿ, ಗುರಾಣಿ ಮಾತ್ರ ಅಲ್ಲಮ್ಮ. ನಿಮ್ಮ ಬದುಕೂ ಅಲ್ಲಿರಬೇಕು. ನಿಮ್ಮ ಬಾಯಲ್ಲೇ ಇರಬೇಕು."

ಅವ್ವ ಸುಲಭಕ್ಕೆ ಒಪ್ಪಲಿಲ್ಲ. "ಯಾತುಕ್ಕೆ ಚಿಪ್ನಾಗೆ ಕೊಡ್ತಿದ್ರು ಅಂಬೋದ್ನ ನಾನ್ ಯೇಳ್ಬೇಕು. ಅದ್ನ ಯೇಳಾಕ್ ಬುಡಂಗಿದ್ರೆ ಮಾತ್ರ ಬತ್ತೀನಿ" ಅಂದಳು. ಮೇಡಂ ಮಾತು ಕೊಟ್ಟರು. ಅವ್ವ ಒಳಗೆ ಹೋಗಿ ಚಿಪ್ಪು ತಂದಳು. ಆ ಮನೆಯ ಕೆಲಸ ಬಿಟ್ಟ ದಿನ ಕೊಟ್ಟಿಗೆಯ ಸೂರಿನಿಂದ ಕಿತ್ತು ತಂದಿದ್ದ ಚಿಪ್ಪು. ನಮ್ಮ ಮನೆಯಲ್ಲಿ ಅದರಲ್ಲಿ ಯಾರೂ ಏನೂ ಕುಡಿದವರಲ್ಲ, ಅದನ್ನು ಎಸೆದವರೂ ಅಲ್ಲ.

ಈಗ ಕ್ಯಾಮೆರಾ ಮುಂದೆ ಅವ್ವ ಬಾಯಿ ತೆರೆದಳು. "ಇವ್ರು ನಮ್ಮುನ್ನ ಮುಟ್ತಿರ್ಲಿಲ್ಲ. ನಾವು ಕುಡ್ದು, ತೊಳ್ದು, ಸೂರಿಗೆ ಸಿಗ್ಸಿ ವೋಗ್ಬೇಕಾಗಿತ್ತು..."

"ಏಯ್, ಅದೆಲ್ಲ ಯಾಕೆ ಈಗ?" ರೇಣುಕಯ್ಯನವರು ಚೊಂಬು ಕೆಳಗಿಟ್ಟರು. "ಕಟ್ ಮಾಡಿ ಮೇಡಂ. ಸ್ಕೂಲ್ ಮಕ್ಳು ಬರೋ ಜಾಗ, ಜಾತಿ ಗೀತಿ ತುಂಬ್ಬೇಡಿ. ಆ ಕಾಲ್ದಲ್ಲಿ ಪ್ಲಾಸ್ಟಿಕ್ ಇರ್ಲಿಲ್ಲ, ಚಿಪ್ಪು ತಂಪು, ಆರೋಗ್ಯ, ಅಷ್ಟ್ ಯೇಳ್ಲಿ ಸಾಕು."

ಮೇಡಂ ನೆಲ ನೋಡಿದರು. "ಅಮ್ಮಾ, ಅದನ್ನ ಆಮೇಲೆ ತಗೊಳೋಣ" ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಪೊರಕೆ ನೋಡಿದೆ. ಅವ್ವ ಬಗ್ಗಿದಳು. ಅವರು ನೀರು ಹುಯ್ದರು, ಅವಳು ಕುಡಿದಳು.

ಆಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಬಂತು. ಮಧುಗಿರಿಯಿಂದ ಬಂದ ಅತಿಥಿಗಳ ಎದುರು ರೇಣುಕಯ್ಯನವರು ಅವ್ವನ ಕೈಗೇ ಲೋಟ ಕೊಟ್ಟು, "ನೋಡು, ಈಗ ಎಲ್ರಿಗೂ ಒಂದೇ ತರ ಲೋಟ. ಕಾಲ ಬದ್ಲಾಯ್ತು ಕಣೆ" ಅಂದರು. ಅತಿಥಿಗಳು ತಲೆದೂಗಿದರು.

ಅವ್ವ ಟೀ ಕುಡಿದು ಎದ್ದಳು. ಅಂಗಳದ ನಲ್ಲಿಗೆ ಹೋಗಿ ಲೋಟ ತೊಳೆದಳು, ನೀರು ಕೊಡವಿದಳು. ನೆಟ್ಟಗೆ ಕೊಟ್ಟಿಗೆ ಕಡೆ ನಡೆದು, ತುದಿಗಾಲಲ್ಲಿ ನಿಂತು, ಲೋಟವನ್ನು ಬೋರಲು ಮಾಡಿ ಸೂರಿಗೆ ಸಿಕ್ಕಿಸಿದಳು.

"ಎಷ್ಟು ನ್ಯಾಚುರಲ್ಲಾಗಿ ಮಾಡಿದ್ರು!" ಅಂದರು ಅತಿಥಿಯೊಬ್ಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇಣುಕಯ್ಯನವರು ತೊಡೆ ಬಡಿದುಕೊಂಡು ನಕ್ಕರು. "ಇನ್ನೂ ಅಭ್ಯಾಸ ಬುಟ್ಟಿಲ್ಲ ಮುಂಡೆ!"

ನಾಚಿಕೆಯಿಂದ ನನ್ನ ಕಿವಿ ಉರಿದವು. ಸಿಟ್ಟು ಬಂದದ್ದು ಅವರ ಮೇಲಲ್ಲ, ಅವ್ವನ ಮೇಲೆ. ಹತ್ತಿರ ಹೋಗಿ ಹಲ್ಲು ಕಚ್ಚಿದೆ: "ಮಾನ ಕಳೀತೀಯಲ್ಲವ್ವಾ. ಯಾರ್ ನಿಂಗೆ ತೊಳಿ ಅಂದಿದ್ದು?"

ಅವ್ವ ತನ್ನ ಒದ್ದೆ ಕೈಯನ್ನೇ ನೋಡಿಕೊಂಡಳು. "ಯಾರೂ ಅನ್ಲಿಲ್ಲ ಕಣ್ ಮಗಾ. ಕೈಯೇ ವೋಯ್ತು." ಅವಳ ಕಣ್ಣು ತುಂಬಿದವು. ಅವರಿಗೆ ಆಡಬೇಕಾದ ಮಾತನ್ನು ಅವ್ವನಿಗೆ ಆಡಿದೆನಲ್ಲ ಎಂದು ಭೂಮಿಗಿಳಿದು ಹೋದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಸೂರಿನಿಂದ ಲೋಟ ಕಿತ್ತಳು. ಯಾರನ್ನೂ ಕೇಳದೆ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಅಂಗಳದ ನಡುವೆ ನಿಂತು ನಿಧಾನವಾಗಿ ಕುಡಿದಳು. ಎಂಜಲು ಲೋಟವನ್ನು ರೇಣುಕಯ್ಯನವರು ಕೂತಿದ್ದ ಜಗಲಿಯ ಮೇಲೆ, ಅವರ ತೊಡೆಯ ಪಕ್ಕದಲ್ಲೇ ಇಟ್ಟಳು.

"ತೊಳೀರಿ ಅಯ್ನೋರೆ."

"ಏನಂದೆ?"

"ತೊಳ್ದು ಸೂರಿಗೆ ಸಿಗ್ಸಿ. ಇಷ್ಟ್ ಕಾಲ ನಾನ್ ತೊಳ್ದಿಲ್ವಾ? ಮೇಡಮ್ಮಾರೆ, ಅದ್ನೂ ಇಡ್ಕಳಿ ನಿಮ್ ಕ್ಯಾಮ್ರದಾಗೆ."

"ಥೂ, ನಿನ್ನವ್ವನ್..." ರೇಣುಕಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಎದ್ದರು. ಎದ್ದವರು ಅವ್ವನ ಕಡೆ ಹೆಜ್ಜೆ ಇಡಲಿಲ್ಲ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಲೋಹಿತಾ ಮೇಡಂ ಈ ಸಲ ನೆಲ ನೋಡುತ್ತಿರಲಿಲ್ಲ. ಅವ್ವ ಚಿಪ್ಪನ್ನು ಮಡಿಲಿಗೆ ಹಾಕಿಕೊಂಡು ಗೇಟು ದಾಟಿದಳು.

ಮಾರನೆಯ ದಿನ ಬೆಳಿಗ್ಗೆ ಗುಡಿಸಲು ಹೋದೆ. ಲೋಟ ಜಗಲಿಯ ಮೇಲೆ ಹಾಗೇ ಇತ್ತು. ತಳದ ಟೀಗೆ ಇರುವೆ ಮುತ್ತಿದ್ದವು. ಗೇಟಿನಾಚೆ ಸ್ಕೂಲ್ ಮಕ್ಕಳ ಬಸ್ಸು ಬಂದು ನಿಂತಿತು.

"ಲೇ ಸುನಿತಾ," ಒಳಗಿಂದ ರೇಣುಕಯ್ಯನವರ ದನಿ ಬಂತು. "ಮಕ್ಳು ಬಂದ್ರು ಕಣೆ. ಆ ಲೋಟ ತೊಳ್ದಾಕು."

ನಾನು ಜಗಲಿ ಗುಡಿಸಿದೆ. ಲೋಟ ಇದ್ದಷ್ಟು ಜಾಗ ಬಿಟ್ಟು, ಅದರ ಸುತ್ತ ಗುಡಿಸಿದೆ.