ತುಟಿಗಳ ಮೇಲೆ ಕೆಂಪು ಚುಕ್ಕಿ

ಒಂದೇ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನಮ್ಮ ಯಜಮಾನರು ಮತ್ತೆ ಮತ್ತೆ ಮಹಡಿ ಹತ್ತತೊಡಗಿದಾಗ ನನಗೆ ಅನುಮಾನ ಬಂತು. ಮೇಲಿನ ಮನೆಯ ಹೊಲಿಗೆಯವಳು ಒಳ್ಳೆಯವಳೇ. ನನ್ನ ಹರಿದ ದಿಂಬಿನ ಚೀಲಕ್ಕೆ ಕೇಳದೆಯೇ ಅಂಚು ಕಟ್ಟಿಕೊಟ್ಟವಳು. ಆದರೆ ಅವಳು ಗುಂಡುಸೂಜಿ ಕಚ್ಚಿಕೊಂಡು ಮಾತಾಡುವಾಗ ಇವರು ಅವಳ ಬಾಯನ್ನೇ ಎವೆಯಿಕ್ಕದೆ ನೋಡುತ್ತ ನಿಲ್ಲುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಬಂತು ಇವರಿಗೆ ಎಂದುಕೊಂಡೆ.

ಅಷ್ಟರಲ್ಲಿ ಮನಶ್ಶಾಸ್ತ್ರ ಓದುತ್ತಿರುವ ತಮ್ಮನ ಮಗಳು ಫೋನ್ ಮಾಡಿದಳು. "ಅತ್ತೆ, ಮಾವನ್ನೂ ಕರ್ಕೊಂಡು ಬನ್ನಿ. ಗಂಡಸರು, ಹೆಂಗಸರು ಮುಖ ನೋಡೋದ್ರಲ್ಲಿ ಏನು ವ್ಯತ್ಯಾಸ ಅಂತ ನಮ್ಮ ಪ್ರಯೋಗ. ಕಣ್ಣು ಎಲ್ಲಿ ಹೋಗುತ್ತೆ ಅಂತ ಯಂತ್ರ ಹಿಡಿದುಬಿಡುತ್ತೆ."

ನನಗೂ ಅದೇ ಬೇಕಿತ್ತು.

ಮಬ್ಬು ಕೋಣೆಯ ಪರದೆಯ ಮೇಲೆ ಮುಖಗಳು ಮೆಲುದನಿಯಲ್ಲಿ ಮಾತಾಡಿದವು. ಆಮೇಲೆ ಇವರು ಹೊರಗೆ ಶೂ ಕಟ್ಟಿಕೊಳ್ಳುತ್ತಿದ್ದಾಗ ಹುಡುಗಿ ನನಗೆ ಚಿತ್ರ ತೋರಿಸಿದಳು. ನನ್ನ ಕಣ್ಣು ಹೋದಲ್ಲೆಲ್ಲ ಕೆಂಪು ಚುಕ್ಕಿ.

"ನಮಗೆ ಸಿಕ್ಕ ಹೆಂಗಸರು ಹೆಚ್ಚಾಗಿ ಹೀಗೇ ಅತ್ತೆ, ಮುಖವೆಲ್ಲ ಸುತ್ತಾಡ್ತಾರೆ. ಗಂಡಸರು ನೆಟ್ಟರೆ ಒಂದೇ ಕಡೆ, ಅದೂ ಎದುರಿನವರ ಕಣ್ಣಲ್ಲೇ. ಮಾವಂದು ಮಾತ್ರ..."

ಇವರ ಚುಕ್ಕಿಗಳೆಲ್ಲ ತುಟಿಯ ಮೇಲಿದ್ದವು.

"ಚೆಲುವೆಯರದ್ದೇ ತಾನೇ?" ಎಂದೆ.

"ಅಯ್ಯೋ, ಇಲ್ಲಿ ನೋಡಿ!" ಬೊಚ್ಚುಬಾಯಿಯ ಮುದುಕನ ತುಟಿಗೂ ಅಷ್ಟೇ ಚುಕ್ಕಿ ಬಿದ್ದಿತ್ತು. "ಸುಮ್ಮನಿರೋ ಮುಖ ಬಂದಾಗ ಬೇರೆ ಗಂಡಸರ ಹಾಗೆ ಕಣ್ಣೇ ನೋಡಿದ್ದಾರೆ. ಮಾತಾಡಿದ್ರೆ ಮಾತ್ರ ಬಾಯಿ. ಇದು ಗಂಡಸು-ಹೆಂಗಸಿನ ಲೆಕ್ಕ ಅಲ್ಲ ಅತ್ತೆ."

ಅವಳು ನನ್ನ ಕೈ ಅದುಮಿದಳು.

ಮನೆಗೆ ಬಂದು, ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದೆ: "ರೀ, ಆ ಹೊಲಿಗೆಯವಳ ಜೊತೆ ಓಡಿಹೋಗ್ತೀರಾ?"

"ಹೂಂ, ಬಿಸಿಯಾಗಿದೆ" ಎಂದು ತಲೆಯಾಡಿಸಿದರು.

ನನಗೆ ನಗುವೂ ಬಂತು, ಅಳುವೂ ಬಂತು. ಸೂಜಿ ಕಚ್ಚಿದ ಬಾಯಿಂದ ಅಳತೆಯ ಮಾತು ಹಿಡಿಯಲಾಗದೆ ಪಾಪ ಅದೆಷ್ಟು ಸಲ ಮಹಡಿ ಹತ್ತಿದ್ದರೋ! ಕಿವಿ ಮಂದವಾಗಿದೆ ಎಂದರೆ ಜಗಳಕ್ಕೇ ಬರುವ ಜೀವ. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಎದುರಿಗೆ ಕೂತು, ನಿಧಾನವಾಗಿ ಕೇಳಿದೆ: "ಸಕ್ಕರೆ ಸಾಕಾ?"

ಅವರ ನೋಟ ನನ್ನ ತುಟಿಗೆ ಇಳಿಯಿತು. ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಸಾಕು. ಅದ್ಯಾಕೆ ಇವತ್ತು ಇಷ್ಟು ನಯ? ಏನೋ ಮುಚ್ಚಿಡ್ತಿದೀಯ ನೀನು."