ಸಲೀಮಾ ಟೆರೇಸಿಗೆ ಹತ್ತುವ ಕಾರಣ

ಈ ಕಥೆ ಎಲ್ಲಿಂದ ಶುರು ಮಾಡಲಿ? ವೈರಿನಿಂದಲೋ, ನೀರಿನಿಂದಲೋ? ‘ಅಲ್ಟ್ರಾಸಾನಿಕ್ ಸೆನ್ಸರಿಗೆ ನಾಲ್ಕು ಪಿನ್ನುಗಳು’ ಎಂದು ಬರೆದೆ. ಪಾಠದ ಪುಸ್ತಕದಂತಿತ್ತು. ಹೊಡೆದುಹಾಕಿದೆ.

೧
ತುಮಕೂರಿನ ಆ ಬೀದಿಗೆ ನಲ್ಲಿ ನೀರು ಬರುವ ದಿನ ಸಲೀಮಾ ಮೋಟರ್ ಹಾಕಿ, ಟ್ಯಾಂಕು ತುಂಬಿತೇ ಎಂದು ನೋಡಲು ಟೆರೇಸಿಗೆ ಹತ್ತುತ್ತಾಳೆ. ತುಂಬಲು ಅರ್ಧ ಗಂಟೆ. ಪಕ್ಕದ ಟೆರೇಸಿನಲ್ಲಿ ಸಂಧ್ಯಾ ಇರುತ್ತಾಳೆ.

“ಏನ್ ಸಲೀಮಕ್ಕ, ಇವತ್ತು ಲೇಟು?”

“ನೀರು ಲೇಟು ಕಣೇ, ನಾನಲ್ಲ.”

ಕೆಳಗೆ ಮನೆಯಲ್ಲಿ ಏಳು ಜನ. (ಯಾರ‍್ಯಾರೆಂದು ಬೇಡ. ಏಳು ಜನಕ್ಕೂ ಚಹಾ ಬೇಕು, ಅಷ್ಟು ಸಾಕು.) ಅವಳದೆಂದು ಇರುವುದು ಆ ಅರ್ಧ ಗಂಟೆ ಮಾತ್ರ.

೨
ಮಗಳು ಯಾಸ್ಮೀನ್ ಡಿಪ್ಲೊಮಾ ಓದುತ್ತಾಳೆ. ಅಮ್ಮಿಯ ಮಂಡಿನೋವು ನೋಡಲಾರದೆ ಟ್ಯಾಂಕಿನ ನೀರು ಅಳೆಯುವ ಪ್ರಾಜೆಕ್ಟ್ ಹಿಡಿದಿದ್ದಾಳೆ. ಸೆನ್ಸರ್ ಕಿವಿಗೆ ಕೇಳದ ಸದ್ದು ಬಿಡುತ್ತದೆ. ಸದ್ದು ನೀರಿಗೆ ಬಡಿದು ಮರಳುವ ಹೊತ್ತಿನಿಂದ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ದೂರ ಲೆಕ್ಕ ಹಾಕುತ್ತದೆ. ಟ್ಯಾಂಕಿನಲ್ಲಿ ನೀರೆಷ್ಟೆಂದು ಅಡುಗೆಮನೆಯಲ್ಲೇ ತಿಳಿಯುತ್ತದೆ. (ಇಲ್ಲೊಂದು ರೂಪಕ ಹಾಕಲು ಕೈ ತುರಿಸುತ್ತಿದೆ. ಹಾಕುವುದಿಲ್ಲ.)

ನಾಳೆ ಕಾಲೇಜಿನಲ್ಲಿ ತೋರಿಸಬೇಕು. ಬಕೆಟ್ಟಿನ ಮೇಲೆ ಹಿಡಿದು ಪರೀಕ್ಷಿಸಿದರೆ ಲ್ಯಾಪ್‌ಟಾಪ್ ಬೆಳಿಗ್ಗೆಯಿಂದ ಬರೀ ಸೊನ್ನೆ ತೋರಿಸುತ್ತಿದೆ.

೩
ಸಲೀಮಾ ಸೀರೆಗಳಿಗೆ ಫಾಲ್ ಹೊಲಿಯುವವಳು. ದಾರದ ಬಣ್ಣ ಹೊಂದಿಸುವುದು ಅವಳ ಕಣ್ಣಿಗೆ ರೂಢಿ. ಸೆನ್ಸರಿನ ಜೊತೆ ಬಂದ ಚೀಟಿಯಲ್ಲಿದ್ದ ವೈರಿಂಗ್ ಚಿತ್ರ ನೋಡಿದಳು, ವೈರು ನೋಡಿದಳು. ಸದ್ದು ಬಿಡಿಸುವ ‘ಟ್ರಿಗ್’ ಪಿನ್ನಿನಲ್ಲಿರಬೇಕಾದ ಹಳದಿ, ಮರಳಿದ್ದನ್ನು ತಿಳಿಸುವ ‘ಎಕೋ’ ಪಿನ್ನಿನಲ್ಲಿತ್ತು, ಎಕೋದ ಹಸಿರು ಟ್ರಿಗ್‌ನಲ್ಲಿ.

ಮಗಳಿಗೆ ಹೇಳದೆ ಚಹಾಕ್ಕೆ ನೀರಿಟ್ಟಳು.

“ಹೇಳಬೇಡ,” ಎಂದೆ. “ಕಥೆ ಚೆನ್ನಾಗಿ ಬರುತ್ತೆ.”

“ನಿಮ್ ಕಥೆಗೋಸ್ಕರ ನನ್ ಮಗಳು ಫೇಲಾಗ್ಬೇಕಾ?”

“ಟೆರೇಸಿನ ಅರ್ಧ ಗಂಟೆ ಹೋಗುತ್ತಲ್ಲ, ಸಲೀಮಾ.”

ಸಲೀಮಾ ಏಳು ಲೋಟಕ್ಕೂ ಚಹಾ ಸೋಸಿದಳು.

೪
ಮುಕ್ತಾಯ ಒಂದು: ಅವಳು ಹೇಳಲೇ ಇಲ್ಲ, ಬೋರ್ಡು ಅಟ್ಟ ಸೇರಿತು. (ಬರೆದೆ. ಸಲೀಮಾ ಹಾಳೆ ಹರಿದಳು.)

ಮುಕ್ತಾಯ ಎರಡು: “ಯಾಸ್ಮೀನ್, ಹಳದಿ ಹಸಿರು ಅದಲುಬದಲಾಗವೆ ನೋಡು.” (ಮನೆಯಲ್ಲಿ ಅವರಾಡುವುದು ಉರ್ದು. ಕನ್ನಡಕ್ಕೆ ಎಳೆದುತಂದವಳು ನಾನು.)

ಯಾಸ್ಮೀನ್ ಬದಲಾಯಿಸಿದಳು. ಲ್ಯಾಪ್‌ಟಾಪಿನಲ್ಲಿ ಹದಿನೆಂಟು ಸೆಂಟಿಮೀಟರ್.

“ಬಂತು ಅಮ್ಮಿ! ನಾಳೆ ತೋರಿಸ್ಕೊಂಡು ಬಂದು ಟ್ಯಾಂಕಿಗೇ ಹಾಕ್ತೀನಿ. ಇನ್ಮೇಲೆ ನೀನು ಮೇಲೆ ಹತ್ತೋದೇ ಬೇಡ.”

“ಹಾಕು,” ಎಂದಳು ಸಲೀಮಾ. “ಅದು ನಿಜ ಹೇಳುತ್ತೋ ಇಲ್ವೋ ಅಂತ ಯಾರಾದ್ರೂ ಹತ್ತಿ ನೋಡ್ಬೇಕಲ್ಲ.”

“ಒಂದು ತಿಂಗಳು ನಿಜವನ್ನೇ ಹೇಳಿದರೆ?” ಎಂದು ನಾನು ಕೇಳುವಷ್ಟರಲ್ಲಿ ನಲ್ಲಿಗೆ ನೀರು ಬಂತು. ಸಲೀಮಾ ಸ್ವಿಚ್ ಒತ್ತಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ಹಿಂದೆ ಹೋಗೋಣವೆಂದುಕೊಂಡೆ. ಅವಳು ಟೆರೇಸಿನ ಬಾಗಿಲು ಎಳೆದುಕೊಂಡಳು. ಕೆಳಗೆ ಮನೆಯೊಳಗಿನಿಂದ ಯಾರೋ “ಚಹಾ ಎಲ್ಲಿ?” ಎನ್ನುತ್ತಿದ್ದಾರೆ. ಓದುಗರೇ, ನೀವಾದರೂ ಹೋಗಿ ಕೊಡಿ. ಮೋಟರ್ ಇನ್ನೂ ಓಡುತ್ತಿದೆ.